ಕತ್ತರಿಗೆ ಕೆಲಸ

ಬೆಳಗಿನಿಂದ ಗಿಡಕ್ಕೆ ಅದು ಮೂರನೇ ಕಟಿಂಗು. ಕ್ಷೌರಿಕ ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಎಡಗಡೆ ಒಂದೆಲೆ ಜಾಸ್ತಿಯಾಯಿತೇನೋ ಎಂದು ನೋಡುತ್ತಿದ್ದಾಗ ಹೆಂಡತಿಯ ಚಪ್ಪಲಿಗಳು ಕಣ್ಣಿಗೆ ಬಿದ್ದವು. ಅವಳು ಈ ಹೊತ್ತಿಗೆ ಬರುವವಳಲ್ಲ. ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸ ಅವಳದು. ನೀರಿನ ಪೈಪು ಒಡೆದಿದೆಯೆಂದು ಆವತ್ತು ಮಧ್ಯಾಹ್ನಕ್ಕೇ ಬಿಟ್ಟಿದ್ದರು. ಕ್ಷೌರಿಕ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಆ ಗಿಡವನ್ನು ಮೂರು ತಿಂಗಳ ಹಿಂದೆ ಬಾಗಿಲ ಪಕ್ಕ ತಂದಿಟ್ಟವಳೂ ಅವಳೇ. ಕುಳ್ಳ ಜಾತಿಯದು, ಕುಂಡದಲ್ಲೇ ಮೈತುಂಬ ಕೆಂಪು ಹೂ ಬಿಡುವಂಥದ್ದು. ಹೂ ಮುಗಿದ ಮೇಲೆ ವರ್ಷಕ್ಕೊಂದು ಸಲ ಕತ್ತರಿಸಿ, ಮಿಕ್ಕ ದಿನ ಅದರ ತಂಟೆಗೆ ಹೋಗಬೇಡಿ ಎಂದು ಒತ್ತಿ ಹೇಳಿದ್ದಳು. ಈಗ ನೋಡಿದರೆ, ಮೊದಲ ದಿನ ಶಾಲೆಗೆ ಹೊರಟ ಮಗುವಿನ ತಲೆಯ ಹಾಗೆ ನುಣ್ಣಗೆ, ದುಂಡಗೆ, ಒಂದು ಚೆಂಡಿನಷ್ಟು ಉಳಿದಿತ್ತು.

"ಏನ್ರೀ ಇದು?"

"ಸ್ವಲ್ಪ ಉದ್ದ ಆಗಿತ್ತು. ಅದಕ್ಕೇ ಹಾಗೇ ಒಂಚೂರು..."

"ಉಸಿರಾಡೋಕೂ ಪುರುಸೊತ್ತಿಲ್ಲ ಅಂತ ದಿನಾ ಮನೆಗೆ ಬಂದು ಹೇಳ್ತೀರಲ್ಲ?"

"ಪುರುಸೊತ್ತು ಇಲ್ಲವೇ ಇಲ್ಲ ಕಣೇ. ಈಗಷ್ಟೇ ಒಬ್ಬರು ಎದ್ದು ಹೋದ್ರು."

ಅವಳು ಚೀಲ ಕೆಳಗಿಟ್ಟು ಗಿಡದ ಮುಂದೆ ಕೂತಳು. ಹಾಗೆ ಕೂತರೆ ಆಯಿತು, ಗಿಡ ತನ್ನ ಕಷ್ಟಸುಖವನ್ನೆಲ್ಲ ಅವಳ ಹತ್ತಿರ ಹೇಳಿಕೊಂಡುಬಿಡುತ್ತದೆಂದು ಕ್ಷೌರಿಕನಿಗೆ ಗೊತ್ತಿತ್ತು.

"ಈ ಕಡ್ಡಿ ನೋಡಿ, ತುದಿ ಇನ್ನೂ ಹಸಿ. ಇವತ್ತಿಂದು," ಎಂದು ಅವಳು ಒಂದೊಂದೇ ಕೊಂಬೆಯನ್ನು ಬೆರಳಲ್ಲಿ ತಿರುವಿದಳು. "ಇದು ಬೆಳ್ಳಗಾಗಿದೆ, ನಿನ್ನೆದು. ಇದು ಕಂದು, ಅದಕ್ಕೂ ಹಿಂದಿಂದು. ಇಲ್ಲಿ ಪಾಪ, ಪಕ್ಕಕ್ಕೆ ಚಿಗುರು ಬಂದಿತ್ತು, ಅದನ್ನೂ ಬಿಟ್ಟಿಲ್ಲ. ಅಂದ್ರೆ ಹೋದ ವಾರವೂ ಇದೇ ಕಥೆ. ಈ ಬಲಗಡೆ ಮಾತ್ರ ಎರಡೆಲೆ ಉಳಿದಿದೆ. ಭಾನುವಾರ ಯಾರೋ ಗಿರಾಕಿ ಬಂದಿರಬೇಕು."

"ಇಬ್ಬರು," ಎಂದುಬಿಟ್ಟ ಕ್ಷೌರಿಕ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಗಂಡಹೆಂಡತಿ ಒಟ್ಟಿಗೇ ರಸ್ತೆಯಾಚೆ ನೋಡಿದರು. ಎದುರಿಗೆ ಹೊಸದಾಗಿ ತೆರೆದ ಸಲೂನಿನಲ್ಲಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಬೇಕೆಂದ ಕಡೆ ತಿರುಗುವ ಕುರ್ಚಿ, ಹಾಡು. ಒಳಗೆ ಜಾಗ ಸಾಲದೆ ನಾಲ್ಕು ಜನ ಹೊರಗೇ ನಿಂತಿದ್ದರು.

"ಯಾಕ್ರೀ ಹೇಳಲಿಲ್ಲ?"

"ಏನಂತ ಹೇಳಲಿ? ನೊಣ ಹೊಡೀತಾ ಕೂತಿರ್ತೀನಿ ಅಂತಲಾ? ಹೀಗೇ ಇನ್ನೊಂದು ತಿಂಗಳು ಹೋದ್ರೆ ಬಾಗಿಲು ಹಾಕೋದೇ ಸೈ."

ಹೇಳಿದರೆ ಮಾನ ಹೋಗುತ್ತದೆ ಎಂದುಕೊಂಡಿದ್ದ. ಹೇಳಿದ ಮೇಲೆ ಎದೆ ಹಗುರಾಯಿತು. ಹೆಂಡತಿ ಮಾತ್ರ ಎದ್ದವಳೇ ಎರಡು ಕೈಯಲ್ಲೂ ಕುಂಡ ಹಿಡಿದಳು.

"ಇದು ನನ್ನ ಜೊತೆ ಮನೆಗೆ ಬರುತ್ತೆ. ಇನ್ನೊಂದು ಸಲ ಕತ್ತರಿ ಬಿದ್ರೆ ಸತ್ತೇ ಹೋಗುತ್ತೆ. ಮೊಗ್ಗು ಕಟ್ಟೋದೇ ಚಿಗುರಿನ ತುದೀಲಿ. ನೀವು ತುದಿ ಅನ್ನೋದನ್ನೇ ಉಳಿಸಿಲ್ಲ."

"ಬೇಡ ಕಣೇ," ಕ್ಷೌರಿಕ ಕುಂಡದ ಇನ್ನೊಂದು ಅಂಚು ಹಿಡಿದುಕೊಂಡ. "ಅದನ್ನೂ ತಗೊಂಡು ಹೋದ್ರೆ ಈ ಕೈ ಏನು ಮಾಡ್ಬೇಕು? ಮೂವತ್ತು ವರ್ಷ ಕಟಕಟ ಅಂತ ಆಡಿದ ಕೈ. ಸುಮ್ನೆ ಕೂತ್ರೆ ನಡುಗುತ್ತೆ."

ಕುಂಡದ ಅಂಚಿನ ಮೇಲೆ ಆ ಕೈ ನಿಜವಾಗಿಯೂ ನಡುಗುತ್ತಿತ್ತು. ಅವಳು ಅದನ್ನೇ ನೋಡಿದಳು. ಆದರೆ ಕಣ್ಣೊರೆಸಿಕೊಂಡು ಕೂರುವ ಜಾಯಮಾನ ಅವಳದಲ್ಲ. ಕುಂಡವನ್ನು ಕೆಳಗಿಟ್ಟು ಕಾಲಿನಿಂದ ಗೋಡೆಯ ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ, ಮೊದಲನೇ ಕುರ್ಚಿಯಲ್ಲಿ ಧೊಪ್ಪನೆ ಕೂತು ತುರುಬು ಬಿಚ್ಚಿದಳು. ಕೂದಲು ಕುರ್ಚಿಯ ಬೆನ್ನು ದಾಟಿ ಕೆಳಗಿಳಿಯಿತು.

"ಗಿಡ ಬಿಟ್ಟು ಇದನ್ನ ಕತ್ತರಿಸಿ. ಕಿವಿ ಕೆಳಗೆ ಒಂದು ಗೇಣಿದ್ರೆ ಸಾಕು."

"ತಲೆ ಕೆಟ್ಟಿದೆಯಾ ನಿಂಗೆ? ಹೆಂಗಸರ ಕೂದಲು ನಾನು ಯಾವತ್ತಾದ್ರೂ ಮುಟ್ಟಿದ್ದೀನಾ?"

"ಗಿಡಾನೂ ಮುಟ್ಟಿರಲಿಲ್ಲ. ದುಂಡಗೆ ಮಾಡೋದು ಎಷ್ಟು ಚೆನ್ನಾಗಿ ಕಲಿತಿದ್ದೀರಿ! ಪಾರ್ಕಲ್ಲಿ ಬಗ್ಗಿದಾಗೆಲ್ಲ ಮುಳ್ಳಿಗೆ ಸಿಕ್ಕೊಳ್ಳುತ್ತೆ, ನಂಗೂ ಸಾಕಾಗಿದೆ. ಶುರು ಮಾಡಿ."

ಕ್ಷೌರಿಕ ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬಾಚಿದ. ಬೆರಳ ಸಂದಿಯಲ್ಲಿ ಕೂದಲು ಸಿಕ್ಕಿದ್ದೇ ತಡ, ನಡುಕ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಅರ್ಧ ಮುಗಿಯುವ ಹೊತ್ತಿಗೆ ಪಕ್ಕದ ಔಷಧಿ ಅಂಗಡಿಯಾಕೆ ಹೊಸ್ತಿಲಲ್ಲಿ ನಿಂತಿದ್ದಳು.

"ಹೆಂಗಸರಿಗೂ ಮಾಡ್ತೀರಾ? ಗೊತ್ತೇ ಇರಲಿಲ್ಲ. ಎದುರುಗಡೆ ಹೋದ್ರೆ ಎರಡು ಗಂಟೆ ಕಾಯ್ಬೇಕು."

ಕ್ಷೌರಿಕ ತಡವರಿಸುವಷ್ಟರಲ್ಲಿ ಕನ್ನಡಿಯೊಳಗಿಂದಲೇ ಉತ್ತರ ಹೋಯಿತು: "ಓಹೋ, ಮಾಡ್ತಾರೆ. ಕೂತ್ಕೊಳ್ಳಿ, ನಂದಾದ ಮೇಲೆ ನಿಮ್ಮದೇ."

ಆಕೆ ಬೆಂಚಿನ ಮೇಲೆ ಕೂತು, ಬೆಳಗಿನಿಂದ ಯಾರೂ ಮಡಿಕೆ ಬಿಚ್ಚದ ಪತ್ರಿಕೆ ಬಿಚ್ಚಿದಳು. ಕ್ಷೌರಿಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಕೆ ಎಲ್ಲಿ ಎದ್ದು ಹೋಗಿಬಿಡುತ್ತಾಳೋ ಎಂದು ಕತ್ತರಿ ಓಟ ಕಿತ್ತಿತು. ಬಿಳಿ ಬಟ್ಟೆಯ ಅಡಿಯಿಂದ ಹೆಂಡತಿಯ ಕೈ ಹೊರಬಂದು ಅವನ ಮಣಿಕಟ್ಟು ಹಿಡಿಯಿತು.

"ಏನ್ರೀ ಅವಸರ?" ಎಂದಳು ಪಿಸುಮಾತಿನಲ್ಲಿ. "ನಿಧಾನಕ್ಕೆ ಮಾಡಿ. ನಮ್ಮ ಅಂಗಡೀಲೂ ಒಬ್ಬರು ಕಾಯ್ತಾ ಕೂತಿದ್ದಾರೆ ಅಂತ ಎದುರುಗಡೆ ನಿಂತವರೂ ನೋಡ್ಲಿ."