ಹನ್ನೊಂದು ಲೀಟರ್

ಕೆಂಪು ಕಾರಿನ ಹಿಂಭಾಗದಲ್ಲಿ ಮೊಣಕಾಲೂರಿದ ತಮ್ಮ, ಗ್ಯಾಸ್ ಕಟರ್ ಹೊತ್ತಿಸಲು ಲೈಟರ್ ತೆಗೆದಿದ್ದ. ಗೇಟಿನಿಂದಲೇ ಅದನ್ನು ಕಂಡ ಅಕ್ಕ ಕೂಗಲಿಲ್ಲ, ಓಡಿದಳು. ನೇರ ಸಿಲಿಂಡರಿನ ಬಳಿ ಹೋಗಿ ವಾಲ್ವ್ ತಿರುಗಿಸಿ ಮುಚ್ಚಿದಳು. ಆಮೇಲೆ ಅವನ ಕೈಯಿಂದ ಲೈಟರ್ ಕಿತ್ತುಕೊಂಡು, ಹೆಗಲು ಹಿಡಿದು ಹತ್ತು ಮಾರು ಆಚೆಗೆ ಎಳೆದಳು.

ಗುಜರಿಗೆ ಬಂದ ಕಾರುಗಳನ್ನು ಕತ್ತರಿಸುವ ಮೊದಲು ಪೆಟ್ರೋಲ್ ಬಸಿಯುವುದು ಆ ಅಂಗಳದಲ್ಲಿ ಅವಳ ಕೆಲಸ. ವಾಸನೆಯಲ್ಲೇ ಎಲ್ಲ ಪತ್ತೆ ಹಚ್ಚುತ್ತಾಳೆಂದು ಅವಳಿಗೆ ಮೂಗಕ್ಕ ಎಂದು ಹೆಸರು ಬಿದ್ದಿತ್ತು. ಹೊಸಬರು ಮಾತು ಬಾರದವಳೇನೋ ಅಂದುಕೊಳ್ಳುತ್ತಿದ್ದರು. ಒಂದು ತಾಸಿನಲ್ಲಿ ಆ ಭ್ರಮೆ ಹರಿಯುತ್ತಿತ್ತು. ಇವತ್ತು ಮಾತ್ರ ದವಡೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ತಡವಾಗಿ ಬಂದಿದ್ದಳು. ಈಗ ಆ ಹತ್ತಿಯನ್ನು ಉಗಿದಳು.

“ಕತ್ತೆ! ಮೂಗು ಇರೋದು ಕನ್ನಡಕ ನಿಲ್ಸೋಕಾ? ನಿನ್ನೆ ಸಂಜೆ ಬಂದ ಗಾಡಿ ಅದು. ನಾನು ಮುಟ್ಟೇ ಇಲ್ಲ.”

“ಮುಟ್ಟಿಲ್ವಾ?” ತಮ್ಮನಿಗೆ ಅರ್ಥವಾಗಲಿಲ್ಲ. “ಗಾಜಿನ ಮೇಲೆ ಕಾಗದ ಅಂಟಿಸಿದೆಯಲ್ಲಕ್ಕ. ನಿನ್ನ ಸಹಿ ಇದೆ. ಬೇರೆ ಯಾರದ್ದಾದ್ರೂ ಆಗಿದ್ರೆ ಟ್ಯಾಂಕ್ ಬಡಿದು ನೋಡ್ತಿದ್ದೆ. ನಿಂದು ಅಂತ ಕಣ್ಮುಚ್ಚಿಕೊಂಡು ಕೂತೆ.”

ಅವಳು ಹೋಗಿ ಕಾಗದ ಕಿತ್ತು ನೋಡಿದಳು. ‘ಟ್ಯಾಂಕ್ ಬಸಿದು ಖಾಲಿ ಮಾಡಲಾಗಿದೆ. ಬೆಳಿಗ್ಗೆ ಒಂಬತ್ತೂವರೆ.’ ಕೆಳಗೆ ಅವಳ ಹೆಸರು, ಅವಳು ಬರೆಯುವುದಕ್ಕಿಂತ ದುಂಡಗೆ. ಒಂಬತ್ತೂವರೆಗೆ ಅವಳು ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಳು. ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ತಮ್ಮನ ತೋಳು ಹಿಡಿದುಕೊಂಡೇ ಸೂಪರ್‌ವೈಸರನ ಕೋಣೆಗೆ ನುಗ್ಗಿದಳು.

“ಇದನ್ನ ಯಾರು ಬರೆದದ್ದು ಸಾರ್?”

ಅವನು ಕಾಗದ ನೋಡಿದ, ಅವಳ ಊದಿದ ಕೆನ್ನೆ ನೋಡಿದ. “ಯಾಕಮ್ಮ ಕೂಗ್ತೀಯ? ಮಧ್ಯಾಹ್ನಕ್ಕೆ ಲಾರಿ ಬರುತ್ತೆ, ನೀನು ನೋಡಿದ್ರೆ ಪತ್ತೆ ಇಲ್ಲ. ಪೆಟ್ರೋಲ್ ಮುಳ್ಳು ಸೊನ್ನೇಲಿತ್ತು, ನಾನೇ ಕಣ್ಣಾರೆ ನೋಡ್ದೆ. ಒಂದು ಸಹಿ ತಾನೇ?”

“ಬ್ಯಾಟರಿ ಸತ್ತ ಗಾಡೀಲಿ ಮುಳ್ಳು ಸೊನ್ನೇಲಿರದೆ ಇನ್ನೆಲ್ಲಿರುತ್ತೆ? ಇವನು ಸುಟ್ಟು ಕರಕಲಾಗಿದ್ರೆ ಯಾವ ಕಾಗದ ತೋರಿಸ್ತಿದ್ರಿ? ಒಡಹುಟ್ಟಿದವಳೇ ಕೊಂದಳು ಅಂತ ಬರೆದಿಟ್ಟು ಕೂತಿದ್ರಲ್ಲ!”

“ಛೆ, ಛೆ. ಬಾಯಲ್ಲಿ ಒಳ್ಳೇದು ಬರಲಿ. ಏನೂ ಆಗ್ಲಿಲ್ಲವಲ್ಲ.”

ಅವಳು ಲೈಟರನ್ನು ಅವನ ಮೇಜಿನ ಮೇಲೆ ಕುಟ್ಟಿ ಇಟ್ಟಳು. “ಖಾಲಿ ತಾನೇ? ಬನ್ನಿ, ನೀವೇ ಹಚ್ಚಿ. ನಾನೂ ಇವನೂ ಗೇಟಿನಾಚೆ ನಿಂತಿರ್ತೀವಿ.”

ಸೂಪರ್‌ವೈಸರ್ ಲೈಟರನ್ನು ಮುಟ್ಟಲಿಲ್ಲ. ಬಾರದ ಫೋನನ್ನು ಕಿವಿಗಿಟ್ಟುಕೊಂಡು “ಹಾಂ, ಹೇಳಿ ಹೇಳಿ” ಎನ್ನುತ್ತ ಹೊರಗೆ ನಡೆದುಬಿಟ್ಟ.

ಅಕ್ಕ ತಮ್ಮ ಇಬ್ಬರೂ ಕಾರನ್ನು ಸಿಲಿಂಡರುಗಳಿಂದ ದೂರ, ಗಾಳಿಯಾಡುವ ಬಯಲಿಗೆ ನೂಕಿಕೊಂಡು ಹೋದರು. ಅವಳು ಬ್ಯಾಟರಿಯ ತಂತಿ ಕಳಚಿದಳು. ಕಿಡಿ ಹುಟ್ಟದಂತೆ ಕಾರಿಗೂ ಕಬ್ಬಿಣದ ಕ್ಯಾನಿಗೂ ತಂತಿ ಸಿಕ್ಕಿಸಿ, ಅದರ ತುದಿಯನ್ನು ನೆಲದ ಗೂಟಕ್ಕೆ ಕಟ್ಟಿದಳು. ಮರಳಿನ ಬಕೆಟ್ ಪಕ್ಕಕ್ಕೆಳೆದು, ಬೆಂಕಿ ಆರಿಸುವ ಸಿಲಿಂಡರನ್ನು ತಮ್ಮನ ಕೈಗೆ ಕೊಟ್ಟು, ಕಾರಿನಡಿಗೆ ತೂರಿ ಟ್ಯಾಂಕಿನ ಬಿರಡೆ ಸಡಿಲಿಸಿದಳು. ಕೈ ತನ್ನ ಪಾಡಿಗೆ ನಿಧಾನವಾಗಿ, ಕ್ರಮವಾಗಿ ಕೆಲಸ ಮಾಡುತ್ತಿತ್ತು. ಬಾಯಿ ಮಾತ್ರ ಸೂಪರ್‌ವೈಸರನ ಏಳು ತಲೆಮಾರನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತಿತ್ತು.

ಕ್ಯಾನಿನ ಒಳಗಿನ ಗೆರೆ ಮೂರು ಲೀಟರ್ ತೋರಿಸಿದಾಗ ತಮ್ಮ “ಅಯ್ಯೋ, ಇಷ್ಟಾ?” ಎಂದು ನಕ್ಕ. ಏಳಕ್ಕೆ ಬಂದಾಗ ನಗು ನಿಂತಿತು. ಒಂಬತ್ತಕ್ಕೆ ಅವನು ನಿಂತಲ್ಲೇ ಕುಕ್ಕರಿಸಿ ಕೂತ. ತುಟಿ ಒಣಗಿ ಬೆಳ್ಳಗಾಗಿತ್ತು. ಕಾರಿನಡಿಯಿಂದ ಅವಳಿಗೆ ಅವನ ಬೂಟುಗಳಷ್ಟೇ ಕಾಣುತ್ತಿದ್ದವು. ಅವುಗಳ ನಡುವೆ ಬೆಂಕಿ ಆರಿಸುವ ಸಿಲಿಂಡರನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದ.

“ಇನ್ಮೇಲೆ ನನ್ನ ಸಹೀನೂ ನಂಬಬೇಡ ಕಣೋ,” ಎಂದಳು, ಸ್ವಲ್ಪ ತಗ್ಗಿದ ದನಿಯಲ್ಲಿ. “ನಾನೇ ಎದುರಿಗೆ ನಿಂತು ಹೇಳಿದ್ರೆ ಮಾತ್ರ ಹಚ್ಚು.”

ಅವನು ತಲೆಯಾಡಿಸಿದ.

ಹನ್ನೊಂದು ಲೀಟರಿಗೆ ಧಾರೆ ಎಳೆಯಾಯಿತು, ಹನಿಯಾಯಿತು, ನಿಂತಿತು. ಅವಳು ಬಿರಡೆ ಬಿಗಿದು ಹೊರಗೆ ತೆವಳಿ ಬಂದಾಗ ಬಾಯಲ್ಲಿ ರಕ್ತದ ರುಚಿ ಇತ್ತು. ಸೂಪರ್‌ವೈಸರ್ ಫೋನು ಮುಗಿಸಿ, ಏನೂ ನಡೆದೇ ಇಲ್ಲವೆಂಬ ಮುಖ ಹೊತ್ತು ಬಂದು ಕ್ಯಾನಿನೊಳಗೆ ಇಣುಕಿದ. ಹುಬ್ಬೇರಿಸಿದ.

“ಪರವಾಗಿಲ್ವೇ! ಚೊಕ್ಕವಾಗಿದೆ. ಇದರಲ್ಲಿ ಒಂದೆರಡು ಲೀಟರ್ ನನ್ನ ಸ್ಕೂಟರಿಗೆ ಹಾಕ್ಬಿಡಮ್ಮ.”

ಅವಳು ಕ್ಯಾನಿನ ಮುಚ್ಚಳ ತಿರುಗಿಸಿದಳು. ಅದು ಬಿಗಿಯಾಗಿ ಕೂತಿತು. ಕೂತ ಮೇಲೂ, ಅವನ ಮುಖವನ್ನೇ ನೋಡುತ್ತ, ಬೆರಳ ಗಂಟುಗಳು ಬಿಳುಚಿಕೊಳ್ಳುವವರೆಗೆ ತಿರುಗಿಸುತ್ತಲೇ ಇದ್ದಳು.