ಟೆಸ್ಟ್ ಉಳಿಸಿದವರು

ಹನ್ನೊಂದನೆಯವನಾಗಿ ಬ್ಯಾಟಿಂಗಿಗೆ ಇಳಿಯುವವನು ನಾನು. ನನ್ನ ಕೈಯಲ್ಲಿ ಬ್ಯಾಟು ಬರೀ ಅಲಂಕಾರಕ್ಕೆ. ಆದರೂ ಕೊರೊನಾ ಕಾಲದ ಆ ವಿದೇಶ ಪ್ರವಾಸದಲ್ಲಿ, ಪ್ರೇಕ್ಷಕರೇ ಇಲ್ಲದ ಮೈದಾನದಲ್ಲಿ, ಕೊನೆಯ ದಿನ ಸಂಜೆಯವರೆಗೂ ಔಟಾಗದೆ ನಿಂತು ಟೆಸ್ಟ್ ಉಳಿಸಿಬಿಟ್ಟೆ. ಆಟ ಮುಗಿದ ಮೇಲೆ ಹೋಟೆಲ್ ಕೋಣೆಯಿಂದ ಹೊರಬರುವಂತಿರಲಿಲ್ಲ. ಹೊಗಳಲು ಯಾರೂ ಸಿಗದೆ, ಕನ್ನಡಿಯೆದುರು ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡು ಮನೆಗೆ ಫೋನ್ ಮಾಡಿದೆ.

“ನೋಡಿದ್ಯೇನಮ್ಮಾ ನನ್ನ ಆಟ?”

“ನೋಡ್ದೆ ಕಣೋ. ಎಲ್ಲಾ ನಿಮ್ಮಪ್ಪನ ಪುಣ್ಯ.”

“ಅಪ್ಪಂಗೆ ಕೊರೊನಾ ವಾಸಿ ಆಯ್ತಾ? ಫೋನ್ ಕೊಡು.”

“ವಾಸಿಯಾಗಿ ಮೂರು ದಿನ ಆಯ್ತು. ಕೋಣೇಲೇ ಇದಾರೆ.”

“ಇನ್ನೂ ಯಾಕಮ್ಮಾ?”

“ಮೊದಲ ಇನಿಂಗ್ಸಲ್ಲಿ ಅವರು ಈಚೆ ಬಂದ್ರು, ನೀನು ಸೊನ್ನೆಗೆ ಔಟಾದೆ. ತಕ್ಷಣ ಒಳಗೆ ಕಳಿಸಿ ಚಿಲಕ ಹಾಕ್ದೆ. ಸರಣಿ ಮುಗಿಯೋವರೆಗೂ ತೆಗೆಯಲ್ಲ!”