ಕೇಳದೆ ಹಾಕಿದ ಲೆಕ್ಕ

ಎರಡೂ ಪ್ಲಾನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಸಿದ್ರಾಮಪ್ಪ ಹಣೆ ಹಣೆ ಬಡಿದುಕೊಂಡರು. ನೀರಿನವರನ್ನೂ ಕರೆಂಟಿನವರನ್ನೂ ಒಂದೇ ಟೇಬಲ್ಲಿಗೆ ತರಲು ನೇಮಕವಾದ ಹಿರಿಯ ಎಂಜಿನಿಯರ್ ಅವರು. ಮಿಕ್ಕವರೆಲ್ಲ ಊಟಕ್ಕೆ ಎದ್ದು, ಕನ್ನಡದವರು ಮೂವರೇ ಉಳಿದಿದ್ದರಿಂದ ಬಾಯಿಗೆ ಹುಬ್ಬಳ್ಳಿಯ ಮಾತೇ ಬಂತು.

"ಏನ್ರಪಾ ಇದು! ವರ್ಷಾ ವರ್ಷಾ ಬಿಸಲು ಏರಾಕತ್ತೈತಿ. ಈ ದೇಶದ ಸೆಪ್ಟೆಂಬರ್ ಬಿಸಲಾಗ ಊರೆಲ್ಲಾ ಎ.ಸಿ. ಹಚ್ಚಿದಾಗ ಡ್ಯಾಮಿನ ನೀರು ಬಿಟ್ಟು ಕರೆಂಟ್ ತಗೀತೀನಿ ಅಂತ ಕೇದಾರ ಬರದಾನ. ಗುಡ್ಡದ ಮ್ಯಾಲೆ ಹಿಮಾ ಕಡಿಮಿ ಬಿದ್ದೈತಿ, ಡ್ಯಾಮ್ ಮುಟ್ಟೂದಿಲ್ಲ, ಪಂಪ್ ಹಚ್ಚಿ ಬೋರಿನ ನೀರು ಎತ್ತತೀನಿ ಅಂತ ತೇಜಸ್ವಿನಿ ಬರದಾಳ. ಆಕೀ ನೀರು ನಂಬಿ ಇಂವಾ, ಇವನ ಕರೆಂಟ್ ನಂಬಿ ಆಕಿ. ಒಂದ ಮಾತ ಕೇಳಾಕ ಏನ್ ಧಾಡಿ ನಿಮಗ?"

ಇಬ್ಬರೂ ಗಂಡ ಹೆಂಡತಿ ಅನ್ನುವುದು ಪಾಪ, ಅವರಿಗೇನು ಗೊತ್ತು! ತಿದ್ದಿಡಿ ಎಂದು ಗದರಿ ಅವರೂ ಊಟಕ್ಕೆ ಹೋದರು.

ಕೇದಾರ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಂಡ. ದಿನಾ ಕಾರಲ್ಲಿ ಓಡಾಡಿ ಸಾಕಾಗಿದೆ, ಸ್ವಲ್ಪ ದಿನ ನಮ್ಮ ಆಫೀಸಿನ ಹತ್ತಿರ ಇರ್ತೀನಿ ಎಂದು ತೇಜಸ್ವಿನಿ ಕೊಲ್ಲಿಯಾಚೆಯ ಬಾಡಿಗೆ ಅಪಾರ್ಟ್‌ಮೆಂಟಿಗೆ ಹೋಗಿ ಹನ್ನೊಂದು ತಿಂಗಳಾಗಿತ್ತು. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಬರುವವಳು ತಾನೇ ಬರುತ್ತಾಳೆ ಎಂದು ಇವನಿಗೆ ಬಿಗುಮಾನ. ಆದರೂ ಫ್ರೀಮಾಂಟಿನ ಇಂಡಿಯನ್ ಅಂಗಡಿಗೆ ಹೋದಾಗಲೆಲ್ಲ ಅವಳಿಷ್ಟದ ಶೇಂಗಾ ಚಟ್ನಿಪುಡಿ ತರುತ್ತಿದ್ದ, ಶೇಂಗಾ ಕಂಡರಾಗದ ಈ ಮಹಾರಾಯ! ಏಳು ಪೊಟ್ಟಣ ಒಡೆಯದೆ ಕೂತಿದ್ದವು. ಸಂಜೆಯಾದರೆ ಅವಳ ಕಾರಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ. ಅವಳಿಲ್ಲದೆ ಅವನಿಗೆ ಆಗುತ್ತಿರಲಿಲ್ಲ.

"ಸೆಪ್ಟೆಂಬರಲ್ಲಿ ನಿಂಗೆ ಎಷ್ಟು ನೀರು ಬೇಕು?" ತೇಜಸ್ವಿನಿಯೇ ಕೇಳಿದಳು.

"ನಾಲ್ಕು ಸಂಜೆಗೆ ಆಗೋವಷ್ಟು. ನಿನ್ನ ಪಂಪು ಮಧ್ಯಾಹ್ನ ಓಡಿಸು. ಆಗ ಸೋಲಾರ್ ಕರೆಂಟು ಬೇಕಾದಷ್ಟಿರುತ್ತೆ."

"ಸರಿ. ಅಷ್ಟು ನೀರು ಬಿಡ್ತೀನಿ."

ಅಯ್ಯೋ, ಇಷ್ಟೇನಾ! ಎರಡು ಮಾತಿಗೆ ಇಡೀ ಊರಿನ ಬೇಸಿಗೆ ಬಗೆಹರಿಯಿತು. ಕೇದಾರನಿಗೆ ಎಲ್ಲಿಲ್ಲದ ಧೈರ್ಯ ಬಂತು.

"ತೇಜೂ, ಮನೆಗೆ ಬಾ. ನೀನಿಲ್ದೆ ನಂಗೆ ಆಗ್ತಿಲ್ಲ."

ಕೀಬೋರ್ಡಿನ ಮೇಲೆ ಅವಳ ಬೆರಳುಗಳು ನಿಂತವು. ಕಣ್ಣು ತುಂಬಿ ಬಂತು.

"ಅಪಾರ್ಟ್‌ಮೆಂಟ್ ಲೀಸು ಮುಂದುವರಿಸ್ಬೇಕೋ ಬೇಡ್ವೋ ಹೇಳಕ್ಕೆ ನಿನ್ನೆ ಕೊನೇ ದಿನ ಕಣೋ. ನೀನು ಕರೀತೀಯ ಅಂತ ಸಂಜೆ ಐದರವರೆಗೂ ಫೋನ್ ಹಿಡ್ಕೊಂಡೇ ಕೂತಿದ್ದೆ. ಆಮೇಲೆ, ಇನ್ನೊಂದು ವರ್ಷಕ್ಕೆ ಸೈನ್ ಹಾಕ್ದೆ."